ಶಿಕ್ಷಕರು ಪಕ್ಕದಲ್ಲೇ ಕೂತಿದ್ದರೂ ತರಬೇತಿ ವಿಮಾನ ಯಾಕೆ ಬೀಳುತ್ತದೆ?

ಪ್ರಶ್ನೆ: ನನ್ನ ಮಗ ಪಿಯುಸಿ ಮುಗಿಸಿದ್ದಾನೆ, ಪೈಲಟ್ ಆಗಲೇಬೇಕು ಅಂತ ಹಟ ಹಿಡಿದಿದ್ದಾನೆ. ಈ ನಡುವೆ 1994ರಲ್ಲಿ ದೆಹಲಿಯಲ್ಲಿ ಬಿದ್ದ ಸಹಾರಾ ವಿಮಾನದ ಬಗ್ಗೆ ಓದಿದೆ. ಅದು ತರಬೇತಿ ಹಾರಾಟವಂತೆ, ಎಂಜಿನ್ ಕೆಟ್ಟರೆ ಏನು ಮಾಡಬೇಕು ಅಂತ ಕಲಿಸುವಾಗಲೇ ಬಿತ್ತಂತೆ. ಚೆನ್ನಾಗಿ ಓಡುತ್ತಿರುವ ಎಂಜಿನ್ನಿನ ಶಕ್ತಿಯನ್ನು ಬೇಕಂತಲೇ ಯಾಕೆ ಇಳಿಸುತ್ತಾರೆ? ಶಿಕ್ಷಕರು ಪಕ್ಕದಲ್ಲೇ ಇದ್ದೂ ಯಾಕೆ ತಡೆಯಲಿಲ್ಲ? ಈಗಲೂ ಹೀಗೇ ಕಲಿಸುತ್ತಾರಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ನಿಮಗೆ ನಿದ್ದೆಯಾದರೂ ಬರಲಿ. ಪ್ರಯಾಣಿಕರನ್ನು ಹೊರುವ ದೊಡ್ಡ ಜೆಟ್‌ಗಳ ಪೈಲಟ್‌ಗಳಿಗೆ ಈ ಪಾಠವನ್ನು ಈಗ ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲೇ ಇರುವ ನಕಲಿ ಕಾಕ್‌ಪಿಟ್‌ನಲ್ಲಿ ಕಲಿಸುತ್ತಾರೆ, ನಿಜವಾದ ವಿಮಾನದಲ್ಲಿ ಅಲ್ಲ. ನಿಮ್ಮ ಮಗ ಮೊದಲು ಹತ್ತುವ ಪುಟ್ಟ ವಿಮಾನಕ್ಕೆ ಇರುವುದೇ ಒಂದು ಎಂಜಿನ್, ಹಾಗಾಗಿ ದೆಹಲಿಯಲ್ಲಿ ಆದಂಥ ತಪ್ಪು ಅದರಲ್ಲಿ ಆಗಲು ಸಾಧ್ಯವೇ ಇಲ್ಲ. ಆದರೆ ನಡುವೆ ಒಂದು ಪ್ರಶ್ನೆ ಕೇಳಿದ್ದೀರಲ್ಲ, ಶಿಕ್ಷಕರು ಪಕ್ಕದಲ್ಲೇ ಇದ್ದೂ ಯಾಕೆ ತಡೆಯಲಿಲ್ಲ ಅಂತ, ಅದು ಎಲ್ಲಾ ಹಾರಾಟ ತರಬೇತಿಗೂ ಸಲ್ಲುವ ಪ್ರಶ್ನೆ, ಪುಟ್ಟ ಸೆಸ್ನಾ ತರಬೇತಿ ವಿಮಾನ ಸೇರಿ. ನಾನು ಜಾಸ್ತಿ ಬರೆಯುವುದೂ ಅದರ ಬಗ್ಗೆಯೇ.

ಮೊದಲು ಆ ದಿನ ಏನಾಯಿತು ಅಂತ ನೋಡೋಣ. 1994ರ ಮಾರ್ಚ್ 8, ಮಧ್ಯಾಹ್ನದ ಹೊತ್ತು. ಸಹಾರಾ ಇಂಡಿಯಾ ಏರ್‌ಲೈನ್ಸ್‌ನ ಬೋಯಿಂಗ್ 737-200, ಒಳಗೆ ಪ್ರಯಾಣಿಕರಿಲ್ಲ. ಒಬ್ಬರು ಶಿಕ್ಷಕ ಕ್ಯಾಪ್ಟನ್, ಮೂವರು ಕಲಿಯುವ ಪೈಲಟ್‌ಗಳು. ಮಾಡುತ್ತಿದ್ದದ್ದು ಟಚ್ ಅಂಡ್ ಗೋ. ಅಂದರೆ ಇಳಿಯುವುದು, ರನ್‌ವೇ ಮೇಲೆ ನಿಲ್ಲದೆ ಹಾಗೇ ಮತ್ತೆ ಶಕ್ತಿ ಕೊಟ್ಟು ಏರುವುದು, ಒಂದು ಸುತ್ತು ಹಾಕಿ ಮತ್ತೆ ಇಳಿಯುವುದು. ಐದು ಸುತ್ತು ಯಾವ ತೊಂದರೆಯೂ ಇಲ್ಲದೆ ಮುಗಿದಿತ್ತು. ಆರನೆಯ ಸಲ 28ನೇ ರನ್‌ವೇಯಿಂದ ಏರಿದ ವಿಮಾನ ಎಡಕ್ಕೆ ತಿರುಗುತ್ತಾ ಹೋಗಿ ಅಂತರರಾಷ್ಟ್ರೀಯ ಟರ್ಮಿನಲ್‌ನ ಎದುರು, ವಿಮಾನಗಳನ್ನು ನಿಲ್ಲಿಸುವ ಜಾಗಕ್ಕೇ ಬಂದು ಬಿತ್ತು. ಅಲ್ಲಿ ನಿಂತಿದ್ದ ರಷ್ಯಾದ ಏರೋಫ್ಲೋಟ್ ಸಂಸ್ಥೆಯ ಇಲ್ಯೂಷಿನ್ ಐಎಲ್-86 ವಿಮಾನಕ್ಕೂ ಬೆಂಕಿ ಹತ್ತಿತು. 737ರಲ್ಲಿದ್ದ ನಾಲ್ಕೂ ಜನ ಹೋದರು, ನೆಲದ ಮೇಲಿದ್ದ ಐದು ಜನರೂ ಹೋದರು. ಒಟ್ಟು 9. ಈ ಐದು ಜನರನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಅವರಿಗೂ ಆ ಪಾಠಕ್ಕೂ ಏನೇನೂ ಸಂಬಂಧವಿರಲಿಲ್ಲ, ಸುಮ್ನೆ ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವರು.

ತನಿಖೆ ಹೇಳಿದ್ದು ಎರಡು ಮಾತು. ಒಂದು, ಎಂಜಿನ್ ವೈಫಲ್ಯದ ಅಭ್ಯಾಸ ಮಾಡಿಸುವಾಗ ಕಲಿಯುವ ಪೈಲಟ್ ತಪ್ಪು ರಡ್ಡರ್ ಒತ್ತಿದರು. ಎರಡು, ಆ ತಪ್ಪು ಆಗದಂತೆ ಶಿಕ್ಷಕರು ರಡ್ಡರ್‌ಗೆ ಕಾಲು ಅಡ್ಡ ಕೊಟ್ಟು ಕಾಯಲಿಲ್ಲ, ಸ್ಪಷ್ಟವಾದ ಆದೇಶವನ್ನೂ ಕೊಡಲಿಲ್ಲ. ಪತ್ರಿಕೆಗಳಲ್ಲಿ ಮೊದಲನೆಯದು ದೊಡ್ಡದಾಗಿ ಬರುತ್ತದೆ. ಹಾರಾಟ ಕಲಿಸುವ ನಮ್ಮಂಥವರು ಓದುವುದು ಎರಡನೆಯದನ್ನು.

ರಡ್ಡರ್ ಅಂದರೆ ಬಾಲದ ಮೇಲೆ ನೆಟ್ಟಗೆ ನಿಂತಿರುತ್ತದಲ್ಲ, ಆ ರೆಕ್ಕೆಯ ಹಿಂಭಾಗದಲ್ಲಿ ಆ ಕಡೆ ಈ ಕಡೆ ಆಡುವ ಹಲಗೆ. ಅದನ್ನು ಆಡಿಸುವುದು ಕಾಲಿನ ಪೆಡಲ್‌ನಿಂದ. ಇನ್ನು ಎಂಜಿನ್ ವಿಷಯ ಹೇಳುವುದಾದರೆ, ಜೋಡಿ ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎಡಗಡೆಯ ಎತ್ತು ತಟ್ಟನೆ ನಿಂತು ಬಲಗಡೆಯದು ಎಳೆಯುತ್ತಲೇ ಇದ್ದರೆ ಗಾಡಿ ಎಡಕ್ಕೆ ತಿರುಗುತ್ತದೆ. ವಿಮಾನದಲ್ಲೂ ಎಡ ಎಂಜಿನ್ ಸೋತರೆ ಮೂತಿ ಎಡಕ್ಕೆ ಎಳೆಯುತ್ತದೆ, ಅದನ್ನು ನೇರ ಮಾಡಲು ಬಲಗಾಲಿನಿಂದ ಬಲ ಪೆಡಲ್ ಒತ್ತಿ ಹಿಡಿಯಬೇಕು. ಆದರೆ ವಿಮಾನ ತಿರುಗಿ ಸುಮ್ಮನಾಗುವುದಿಲ್ಲ. ಮೂತಿ ಎಡಕ್ಕೆ ಹೋದಾಗ ಎಡ ರೆಕ್ಕೆ ಹಿಂದೆ ಬೀಳುತ್ತದೆ, ಅದರ ಮೇಲೆ ಎತ್ತುವ ಬಲ ಕಡಿಮೆಯಾಗುತ್ತದೆ, ಬಲ ರೆಕ್ಕೆ ಮೇಲೇಳುತ್ತದೆ. ಜೆಟ್‌ಗಳ ರೆಕ್ಕೆ ಹಿಂದಕ್ಕೆ ಓರೆಯಾಗಿರುವುದರಿಂದ ಇದು ಇನ್ನೂ ಜೋರು. ಅಂದರೆ ತಿರುಗುವುದರ ಬೆನ್ನಿಗೇ ವಾಲುವುದು ಶುರುವಾಗುತ್ತದೆ.

ಈಗ ಆ ಗಳಿಗೆಯಲ್ಲಿ ಎಡಗಾಲು ಒತ್ತಿದರೆ? ಎಂಜಿನ್ ಎಳೆಯುವುದೂ ಎಡಕ್ಕೆ, ರಡ್ಡರ್ ತಳ್ಳುವುದೂ ಎಡಕ್ಕೆ. ನೆಲದಿಂದ ಸ್ವಲ್ಪವೇ ಮೇಲಿದ್ದೀರಿ, ವೇಗ ಗಂಟೆಗೆ ಇನ್ನೂರು ಚಿಲ್ಲರೆ ಕಿಲೋಮೀಟರ್. ವಿಮಾನ ಮಗುಚಲು ಬೇಕಾಗಿರುವುದು ಕೆಲವೇ ಸೆಕೆಂಡ್.

ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳಿಯುವ ಒಂದು ವಿಷಯ ಇದೆ. ಖಾಲಿ ವಿಮಾನ ಅಲ್ವಾ, ಹಗುರ, ಸಂಭಾಳಿಸುವುದು ಸುಲಭ ಅಂತ ಅನ್ನಿಸುತ್ತದೆ. ಏರುವ ಮಟ್ಟಿಗೆ ಅದು ನಿಜ. ಆದರೆ ಹಗುರ ವಿಮಾನ ಕಡಿಮೆ ವೇಗದಲ್ಲೇ ನೆಲ ಬಿಡುತ್ತದೆ, ರಡ್ಡರ್‌ಗೆ ಬಲ ಬರುವುದು ಗಾಳಿಯ ವೇಗದಿಂದ, ಅದೂ ವೇಗದ ವರ್ಗದ ಲೆಕ್ಕದಲ್ಲಿ. ವೇಗ ಶೇ 10 ಇಳಿದರೆ ರಡ್ಡರ್‌ನ ಬಲ ಸುಮಾರು ಶೇ 19 ಇಳಿಯುತ್ತದೆ. ಓಡುತ್ತಿರುವ ಎಂಜಿನ್ ಮಾತ್ರ ಅಷ್ಟೇ ಜೋರಾಗಿ ಎಳೆಯುತ್ತಿರುತ್ತದೆ. ಪ್ರತಿ ಜೋಡಿ ಎಂಜಿನ್ ವಿಮಾನಕ್ಕೂ ಒಂದು ಕನಿಷ್ಠ ವೇಗ ಅಂತ ಇದೆ, ಅದಕ್ಕಿಂತ ಕೆಳಗೆ ಹೋದರೆ ಒಂದೇ ಎಂಜಿನ್‌ನಲ್ಲಿ ಪೂರ್ತಿ ರಡ್ಡರ್ ಕೊಟ್ಟರೂ ವಿಮಾನವನ್ನು ನೇರ ಹಿಡಿಯಲು ಆಗುವುದಿಲ್ಲ. ತರಬೇತಿಯ ಖಾಲಿ ವಿಮಾನ ಆ ಗೆರೆಗೆ ಹತ್ತಿರದಲ್ಲೇ ಹಾರುತ್ತಿರುತ್ತದೆ. ಸೀಟು ತುಂಬಿದ ವಿಮಾನಕ್ಕಿಂತ ಖಾಲಿ ವಿಮಾನವೇ ಈ ಒಂದು ಪಾಠಕ್ಕೆ ಕಷ್ಟದ್ದು.

ಈಗ ಶಿಕ್ಷಕರ ಸೀಟಿಗೆ ಬನ್ನಿ. ಎರಡೂ ಸೀಟಿನ ಪೆಡಲ್‌ಗಳು ಒಂದಕ್ಕೊಂದು ಜೋಡಣೆಯಾಗಿರುತ್ತವೆ. ಎಡ ಪೆಡಲ್ ಮುಂದೆ ಹೋದರೆ ಬಲ ಪೆಡಲ್ ಹಿಂದೆ ಬರುತ್ತದೆ, ಎರಡೂ ಕಡೆ ಒಟ್ಟಿಗೆ. ಎಡ ಎಂಜಿನ್ನಿನ ಥ್ರಾಟಲ್ (ಶಕ್ತಿ ಏರಿಸಿ ಇಳಿಸುವ ಲಿವರ್) ಹಿಂದಕ್ಕೆ ಎಳೆಯುವ ಮೊದಲೇ ಶಿಕ್ಷಕರು ಬಲಗಾಲನ್ನು ಬಲ ಪೆಡಲ್ ಮೇಲೆ ಗಟ್ಟಿಯಾಗಿ ಊರಿ, ಮಂಡಿ ಬಿಗಿ ಮಾಡಿ ಕೂರಬೇಕು. ಒತ್ತಬಾರದು, ಒತ್ತಿದರೆ ಪಾಠವೇ ಹಾಳು, ಹುಡುಗ ಕಲಿಯಬೇಕಾದ್ದನ್ನು ನೀವೇ ಮಾಡಿದ ಹಾಗಾಯಿತು. ಆದರೆ ಆ ಪೆಡಲ್ ಹಿಂದಕ್ಕೆ ಬರಲೂ ಬಿಡಬಾರದು. ಬಂತು ಅಂದರೆ ಕಲಿಯುವವನ ಎಡಗಾಲು ಮುಂದೆ ಹೋಗಿದೆ ಅಂತಲೇ ಅರ್ಥ. ಕಾಲನ್ನು ಹೀಗೆ ಅಡ್ಡ ಇಟ್ಟು ಕಾಯುವುದನ್ನು ನಾವು ರಡ್ಡರ್ ಗಾರ್ಡ್ ಮಾಡುವುದು ಅನ್ನುತ್ತೇವೆ. ತನಿಖೆ ಆಗಿಲ್ಲ ಅಂತ ಹೇಳಿದ್ದು ಇದನ್ನೇ.

ಯಾಕೆ ಮೊದಲೇ ಊರಬೇಕು, ತಪ್ಪು ಕಂಡ ಮೇಲೆ ಒತ್ತಿದರೆ ಸಾಲದಾ? ಸಾಲದು. ಗಾಬರಿಯಾದ ಮನುಷ್ಯ ಕಾಲನ್ನು ಚಾಚಿ, ಬೆನ್ನನ್ನು ಸೀಟಿಗೆ ಒತ್ತಿ ತಳ್ಳುತ್ತಾನೆ. ಮೈಯ ದೊಡ್ಡ ಸ್ನಾಯುಗಳೆಲ್ಲಾ ಅಲ್ಲಿರುವುದು. ಹಾಗೆ ಚಾಚಿದ ಕಾಲನ್ನು ಮಡಿಸಿಕೊಂಡಿರುವ ನಿಮ್ಮ ಕಾಲಿನಿಂದ ವಾಪಸ್ ತಳ್ಳುವುದು ಕಷ್ಟ, ಕೈಯಲ್ಲಾದರೆ ಹೇಗೋ ಕಿತ್ತುಕೊಳ್ಳಬಹುದು. ಸರಿ, ಎಂಜಿನ್ ಕೆಟ್ಟಿಲ್ಲವಲ್ಲ, ಇಳಿಸಿದ ಎಂಜಿನ್‌ಗೆ ಮತ್ತೆ ಶಕ್ತಿ ಕೊಟ್ಟುಬಿಡಬಹುದಲ್ಲ ಅಂತ ಕೇಳುತ್ತೀರಿ. ಕೊಡಬಹುದು. ಆದರೆ ಜೆಟ್ ಎಂಜಿನ್ ಐಡಲ್‌ನಿಂದ, ಅಂದರೆ ಸುಮ್ಮನೆ ಓಡುವಷ್ಟು ಕನಿಷ್ಠ ಶಕ್ತಿಯಿಂದ, ಪೂರ್ತಿ ಶಕ್ತಿಗೆ ಏರಲು ಹಲವು ಸೆಕೆಂಡ್ ತೆಗೆದುಕೊಳ್ಳುತ್ತದೆ, ಲಿವರ್ ತಳ್ಳಿದ ಕೂಡಲೇ ಅದು ಕೂಗಿಕೊಂಡು ಏಳುವುದಿಲ್ಲ. ಇನ್ನೊಂದು ದಾರಿಯೂ ಇದೆ, ಓಡುತ್ತಿರುವ ಎಂಜಿನ್ನನ್ನೂ ಇಳಿಸುವುದು, ಆಗ ಎಳೆತ ಎರಡೂ ಕಡೆ ಸಮ ಆಗುತ್ತದೆ. ನೆಲ ಕಣ್ಣೆದುರೇ ಇರುವಾಗ ಇದ್ದ ಶಕ್ತಿಯನ್ನೂ ತೆಗೆಯಲು ಯಾರ ಕೈ ಬರುತ್ತದೆ ಹೇಳಿ?

ಎಲ್ಲಕ್ಕಿಂತ ಕಷ್ಟದ್ದು ತೀರ್ಮಾನ. ಕಲಿಯುವವನಿಗೆ ತಪ್ಪು ಮಾಡಲು ಸ್ವಲ್ಪ ಅವಕಾಶ ಕೊಡಲೇಬೇಕು, ಇಲ್ಲದಿದ್ದರೆ ಅವನು ಕಲಿಯುವುದೇ ಇಲ್ಲ. ಮೂತಿ ಸ್ವಲ್ಪ ಸರಿಯಿತು, ಶಿಕ್ಷಕರು ನೋಡುತ್ತಾರೆ, ಸರಿಮಾಡುತ್ತಾನೇನೋ ಅಂತ ಒಂದು ಸೆಕೆಂಡ್ ಕಾಯುತ್ತಾರೆ. ಹಿಂದಿನ ಐದು ಸುತ್ತು ಚೆನ್ನಾಗಿ ಮಾಡಿದ್ದಾರೆ ಅಂದಾಗ ಇನ್ನೂ ಒಂದು ಸೆಕೆಂಡ್ ಜಾಸ್ತಿ ಕಾಯುತ್ತಾರೆ. ಪೆಡಲ್‌ಗೆ ಕಾಲು ಊರಿದ್ದರೆ ಆ ಸೆಕೆಂಡ್‌ಗಳನ್ನು ಕೊಡಬಹುದು. ಕಾಲು ನೆಲದ ಮೇಲೆ ಆರಾಮಾಗಿದ್ದರೆ ಅದೇ ಸೆಕೆಂಡ್‌ಗಳು ಕೊಲ್ಲುತ್ತವೆ. ನೀವು ಶಿಕ್ಷಕರು ಯಾಕೆ ತಡೆಯಲಿಲ್ಲ ಅಂತ ಕೇಳಿದ್ದೀರಿ. ತಡೆಯುವ ಕೆಲಸ ತಪ್ಪಾದ ಮೇಲೆ ಶುರು ಮಾಡುವಂಥದ್ದಲ್ಲ ಅನ್ನುವುದೇ ನನ್ನ ಉತ್ತರ, ಅದನ್ನು ತಪ್ಪಿಗೆ ಮುಂಚೆಯೇ ಮಾಡಿಟ್ಟುಕೊಂಡಿರಬೇಕು.

ಹಾಗಿದ್ದರೆ ಇಷ್ಟು ಅಪಾಯದ ಪಾಠ ಬೇಕಾ? ಬೇಕು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ ವಿಮಾನ ಮೇಲುಸೇತುವೆಗೆ ರೆಕ್ಕೆ ಬಡಿದು ನದಿಗೆ ಬಿದ್ದ ದೃಶ್ಯ ನೀವೂ ನೋಡಿರುತ್ತೀರಿ, ಕಾರಿನ ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಅದು ತರಬೇತಿಯಲ್ಲ, 58 ಜನರಿದ್ದ ಮಾಮೂಲಿ ಹಾರಾಟ. ಏರಿದ ಸ್ವಲ್ಪ ಹೊತ್ತಿಗೆ ಎರಡನೇ ಎಂಜಿನ್ ಕೈಕೊಟ್ಟಿತು, ಕ್ಯಾಪ್ಟನ್ ಚೆನ್ನಾಗಿದ್ದ ಒಂದನೇ ಎಂಜಿನ್ನನ್ನು ಆರಿಸಿದರು. 43 ಜನ ಸತ್ತರು. ಒಂದು ಎಂಜಿನ್‌ನಲ್ಲಿ ಆರಾಮಾಗಿ ವಾಪಸ್ ಬಂದು ಇಳಿಯಬಹುದಾಗಿದ್ದ ವಿಮಾನ ಅದು. ಎಂಜಿನ್ ವೈಫಲ್ಯ ಅಪರೂಪ, ಆದರೆ ಬಂದಾಗ ಯೋಚನೆ ಮಾಡಲು ಸಮಯ ಕೊಡುವುದಿಲ್ಲ, ಕಾಲಿಗೆ ತಾನಾಗಿ ಗೊತ್ತಿರಬೇಕು. ನಾವು ಹುಡುಗರಿಗೆ ಹೇಳಿಕೊಡುವ ಸೂತ್ರ ಚಿಕ್ಕದು: ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ. ನೇರ ಹಿಡಿಯಲು ಬಲಗಾಲು ಒತ್ತುತ್ತಿದ್ದೀಯಾ, ಎಡಗಾಲು ಸುಮ್ಮನಿದೆಯಾ, ಹಾಗಾದರೆ ಸತ್ತಿರುವುದು ಎಡ ಎಂಜಿನ್. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿ ಖಚಿತ ಮಾಡಿಕೊಂಡ ಮೇಲೆಯೇ ಆರಿಸುವ ಮಾತು.

ಪಾಠ ಬೇಕು, ಆದರೆ ಎಲ್ಲಿ ಕಲಿಸಬೇಕು? ಅದಕ್ಕೆ ವಿಮಾನಯಾನ ಲೋಕ ಬಹಳ ದುಬಾರಿ ಬೆಲೆ ಕೊಟ್ಟು ಉತ್ತರ ಕಂಡುಕೊಂಡಿತು. ಬೋಯಿಂಗ್ 707 ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಸೇವೆ ಶುರು ಮಾಡಿದ್ದು 1959ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್ 15ರಂದು ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನ ಕ್ಯಾಲ್ವರ್ಟನ್‌ನಲ್ಲಿ ಒಂದು ಬಿತ್ತು, ತರಬೇತಿ ಹಾರಾಟದಲ್ಲಿ. ನಾಲ್ಕು ಎಂಜಿನ್ನಿನ ವಿಮಾನ, ಒಂದೇ ಕಡೆಯ ಎರಡು ಎಂಜಿನ್‌ಗಳ ಶಕ್ತಿ ಇಳಿಸಿ ಅಭ್ಯಾಸ ಮಾಡುತ್ತಿದ್ದರು, ಮೂತಿ ಓರೆಯಾಗಿದ್ದನ್ನು ಹೊತ್ತಿಗೆ ಸರಿಯಾಗಿ ಗುರುತಿಸಿ ತಿದ್ದಲಿಲ್ಲ, ವಿಮಾನ ಮಗುಚಿತು. ಒಳಗಿದ್ದ ಐವರೂ ಸತ್ತರು.

ಎಂಟು ವರ್ಷ ಬಿಟ್ಟು, 1967ರ ಮಾರ್ಚ್ 30ರ ನಡುರಾತ್ರಿ ಕಳೆದ ಮೇಲೆ, ನ್ಯೂ ಆರ್ಲಿಯನ್ಸ್‌ನಲ್ಲಿ ಡೆಲ್ಟಾದ ಡಿಸಿ-8. ಮತ್ತೆ ತರಬೇತಿ, ಮತ್ತೆ ಎರಡು ಎಂಜಿನ್ ಇಳಿಸಿ ಇಳಿಯುವ ಅಭ್ಯಾಸ. ಈ ಸಲ ವಿಮಾನ ರನ್‌ವೇಗೆ ಮುಂಚೆಯೇ ಮನೆಗಳ ಮೇಲೆ ಬಿದ್ದು ಹೋಟೆಲ್ ಒಂದಕ್ಕೆ ನುಗ್ಗಿತು. ವಿಮಾನದಲ್ಲಿದ್ದ 6 ಜನ, ನೆಲದ ಮೇಲಿದ್ದ 13 ಜನ. ಆ 13ರಲ್ಲಿ ಒಂಬತ್ತು ಜನ ವಿಸ್ಕಾನ್ಸಿನ್‌ನ ಜೂಡಾ ಅನ್ನುವ ಸಣ್ಣ ಊರಿಂದ ಶಾಲಾ ಪ್ರವಾಸಕ್ಕೆ ಬಂದು ಆ ಹೋಟೆಲಲ್ಲಿ ಮಲಗಿದ್ದ ಹುಡುಗಿಯರು. ವರದಿಯಲ್ಲಿ ಮೊದಲು ಬರೆದಿದ್ದೇನು ಗೊತ್ತಾ? ಶಿಕ್ಷಕರ ಮೇಲ್ವಿಚಾರಣೆ ಸರಿಯಿರಲಿಲ್ಲ ಅಂತ. ಇಪ್ಪತ್ತೇಳು ವರ್ಷ ಕಳೆದು ದೆಹಲಿಯಲ್ಲಿ ಹೆಚ್ಚುಕಡಿಮೆ ಅದೇ ಮಾತನ್ನು ಬರೆಯಬೇಕಾಗಿ ಬಂದದ್ದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ.

ಈ ಸಾಲು ಸಾಲು ಸಾವುಗಳಿಂದಲೇ ಅಭ್ಯಾಸ ಸಿಮ್ಯುಲೇಟರ್ ಕಡೆ ಸರಿಯಿತು. ಮೊದಮೊದಲ ಸಿಮ್ಯುಲೇಟರ್‌ಗಳು ಅಷ್ಟಕ್ಕಷ್ಟೆ, ಕಿಟಕಿಯ ಹೊರಗೆ ಸರಿಯಾದ ದೃಶ್ಯವಿಲ್ಲ, ಮೈಗೆ ಎಳೆತ ಗೊತ್ತಾಗುವುದಿಲ್ಲ. 1980ರಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಎಎ, ಒಳ್ಳೆಯ ದರ್ಜೆಯ ಸಿಮ್ಯುಲೇಟರ್ ಇದ್ದರೆ ಅನುಭವಿ ಪೈಲಟ್ ಹೊಸ ಮಾದರಿಯ ವಿಮಾನವನ್ನು ಪೂರ್ತಿ ಅದರಲ್ಲೇ ಕಲಿಯಬಹುದು ಅನ್ನುವ ದಾರಿ ತೆರೆಯಿತು. ಈಗಿನವು ಆರು ಕಾಲಿನ ಮೇಲೆ ನಿಂತ ದೊಡ್ಡ ಪೆಟ್ಟಿಗೆಗಳು, ಬೆಂಗಳೂರಲ್ಲೂ ಇವೆ. ಒಳಗೆ ಹೋಗಿ ಬಾಗಿಲು ಹಾಕಿದರೆ ಐದು ನಿಮಿಷದಲ್ಲಿ ನೆಲದ ಮೇಲಿದ್ದೀರಿ ಅನ್ನುವುದೇ ಮರೆತುಹೋಗುತ್ತದೆ, ಎಂಜಿನ್ ಹೋದಾಗ ಕೈ ಬೆವರುವುದಂತೂ ನಿಜವಾದದ್ದೇ. ಶಿಕ್ಷಕರು ಹಿಂದೆ ಕೂತು ಪರದೆ ಮುಟ್ಟಿ ಎಂಜಿನ್ ಆರಿಸುತ್ತಾರೆ. ತಪ್ಪು ಕಾಲು ಒತ್ತಿದಿರಾ, ಮಗುಚಿತಾ, ಪರದೆ ಕೆಂಪಾಗುತ್ತದೆ, ಮತ್ತೆ ರನ್‌ವೇ ತುದಿಯಲ್ಲಿ ನಿಲ್ಲಿಸಿ ಇನ್ನೊಂದು ಸಲ ಮಾಡಿಸುತ್ತಾರೆ. ಇಲ್ಲಿ ಶಿಕ್ಷಕರು ಕಾಲು ಅಡ್ಡ ಇಡಬೇಕಾಗಿಲ್ಲ. ತಪ್ಪು ಪೂರ್ತಿ ಆಗಲಿ ಅಂತ ಬಿಟ್ಟು ತೋರಿಸಬಹುದು, ಅದು ಆಕಾಶದಲ್ಲಿ ಯಾವತ್ತೂ ಸಾಧ್ಯವಿರಲಿಲ್ಲ. ಕಡಿಮೆ ಅನುಭವದ ಹೊಸಬರು ಕೊನೆಗೆ ನಿಜವಾದ ಖಾಲಿ ವಿಮಾನದಲ್ಲಿ ಕೆಲವು ಸಲ ಏರಿ ಇಳಿಯುತ್ತಾರೆ, ಆದರೆ ಆಗ ಎರಡೂ ಎಂಜಿನ್ ಓಡುತ್ತಿರುತ್ತವೆ, ಯಾರೂ ಯಾವುದನ್ನೂ ಇಳಿಸುವುದಿಲ್ಲ.

ಸಹಾರಾ ಸಂಸ್ಥೆಯ ಬಗ್ಗೆ ಒಂದು ಮಾತು. ಅದು ಹಾರಾಟ ಶುರು ಮಾಡಿದ್ದೇ 1993ರ ಡಿಸೆಂಬರ್‌ನಲ್ಲಿ. ಆಕಾಶದ ಮೇಲೆ ಸರ್ಕಾರಿ ಸಂಸ್ಥೆಗಳಿಗಿದ್ದ ಹಿಡಿತದ 1953ರ ಕಾಯಿದೆ ರದ್ದಾದದ್ದು 1994ರ ಮಾರ್ಚ್ 1ಕ್ಕೆ, ಅಪಘಾತಕ್ಕೆ ಸರಿಯಾಗಿ ಒಂದು ವಾರ ಮುಂಚೆ. ಜೆಟ್, ದಮಾನಿಯಾ, ಮೋದಿಲುಫ್ತ್, ಈಸ್ಟ್ ವೆಸ್ಟ್, ಎಲ್ಲರೂ ಒಟ್ಟಿಗೆ ಬೆಳೆಯಲು ಹೊರಟಿದ್ದ ಕಾಲ. ಅಪಘಾತಕ್ಕೆ ಅದೇ ಕಾರಣ ಅಂತ ತನಿಖೆ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಕಂಪನಿಗಳು ಒಂದೇ ಸಲಕ್ಕೆ ಹಿಗ್ಗುವಾಗ ಮೊದಲು ತೆಳುವಾಗುವುದು ಅನುಭವಿ ಶಿಕ್ಷಕರ ಸಂಖ್ಯೆ. ಇವತ್ತು ನಮ್ಮ ದೇಶದಲ್ಲಿ ನೂರಾರು ವಿಮಾನಗಳಿಗೆ ಆರ್ಡರ್ ಕೊಟ್ಟಿರುವಾಗ ಇದನ್ನು ನೆನಪಿಸುವುದು ತಪ್ಪಲ್ಲ.

ಇನ್ನು ನಿಮ್ಮ ಮಗನ ವಿಷಯ. ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ 200 ಗಂಟೆಯಲ್ಲಿ ಬಹುಪಾಲು ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲೇ ಕಳೆಯುತ್ತದೆ. ಅಲ್ಲೂ ಶಿಕ್ಷಕರು ಥ್ರಾಟಲ್ ಹಿಂದಕ್ಕೆ ಎಳೆದು "ಎಂಜಿನ್ ಹೋಯ್ತು, ಈಗೇನು ಮಾಡ್ತೀಯಾ?" ಅಂತ ಕೇಳುತ್ತಾರೆ. ಆದರೆ ಅದನ್ನು ಎತ್ತರದಲ್ಲಿ ಮಾಡಿಸುತ್ತಾರೆ, ಮೂತಿ ಯಾವ ಕಡೆಯೂ ಎಳೆಯುವುದಿಲ್ಲ, ಪ್ರೊಪೆಲ್ಲರ್ ಎಂಜಿನ್ ಥ್ರಾಟಲ್ ತಳ್ಳಿದ ಕೂಡಲೇ ಏಳುತ್ತದೆ. ಹುಡುಗ ಮೂತಿ ಇಳಿಸಿ ವೇಗ ಉಳಿಸಿಕೊಳ್ಳಬೇಕು, ಗಾಳಿ ಯಾವ ಕಡೆಯಿಂದ ಅಂತ ನೋಡಬೇಕು, ಕರೆಂಟು ತಂತಿಯಿಲ್ಲದ ಹೊಲ ಹುಡುಕಬೇಕು. ಇದು ಪರೀಕ್ಷೆಗಷ್ಟೇ ಮಾಡುವ ಆಟವಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ಇಳಿಯಿತು, ಇಬ್ಬರೂ ಬದುಕಿದರು. ಎರಡೇ ದಿನಕ್ಕೆ, ಜೂನ್ 1ಕ್ಕೆ, ವಾಯುಪಡೆಯ ಕಿರಣ್ ತರಬೇತಿ ಜೆಟ್ ಚಾಮರಾಜನಗರದ ಭೋಗಾಪುರದ ಹತ್ತಿರ ಬಿತ್ತು, ಅಲ್ಲೂ ಇಬ್ಬರೂ ಬದುಕಿದರು. ಆದರೆ ಅವರು ಸೀಟು ಸಮೇತ ಹೊರಗೆ ಹಾರಿ ಪ್ಯಾರಾಚೂಟ್‌ನಲ್ಲಿ ಇಳಿದವರು. ನಿಮ್ಮ ಮಗನ ವಿಮಾನದಲ್ಲಿ ಆ ಸೌಲಭ್ಯ ಇರುವುದಿಲ್ಲ, ಹಾಗಾಗಿ ಅವನ ಪಾಲಿಗೆ ಹೊಲ ಹುಡುಕುವ ಪಾಠವೇ ಪ್ಯಾರಾಚೂಟ್.

ಜೋಡಿ ಎಂಜಿನ್ನಿನ ಪುಟ್ಟ ವಿಮಾನಕ್ಕೆ ಅವನು ಬರುವುದು ಆಮೇಲೆ. ಅಲ್ಲಿ ಎಂಜಿನ್ ಇಳಿಸುವ ಪಾಠ ಇದೆ. ಸರಿಯಾದ ಶಾಲೆಯಲ್ಲಿ ಎಂಜಿನ್ ಪೂರ್ತಿ ಆರಿಸುವುದನ್ನು ಸಾಕಷ್ಟು ಎತ್ತರದಲ್ಲಿ ಮಾತ್ರ ಮಾಡಿಸುತ್ತಾರೆ. ನೆಲದ ಹತ್ತಿರ ಆರಿಸುವುದಿಲ್ಲ, ಆರಿದಂತೆ ತೋರುವಷ್ಟು ಶಕ್ತಿ ಇಳಿಸಿ ಬಿಡುತ್ತಾರೆ.

ಅಂದಹಾಗೆ ಪುಟ್ಟ ವಿಮಾನಗಳಲ್ಲಿ ನನಗೆ ಜಾಸ್ತಿ ಭಯ ಎಂಜಿನ್ ಬಗ್ಗೆ ಅಲ್ಲ. ಇಳಿಯಲು ರನ್‌ವೇ ಕಡೆ ಕೊನೆಯ ತಿರುವು ತೆಗೆದುಕೊಳ್ಳುವಾಗ ವೇಗ ಕಳೆದುಕೊಂಡು, ರನ್‌ವೇ ತಪ್ಪಿಹೋಗುತ್ತಿದೆ ಅಂತ ರಡ್ಡರ್ ಜಾಸ್ತಿ ಒತ್ತಿ, ಸ್ಟಾಲ್ ಆಗಿ (ರೆಕ್ಕೆಯ ಎತ್ತುವ ಬಲ ಕುಸಿದು) ಸುತ್ತಿ ಬೀಳುವುದಿದೆಯಲ್ಲ, ಅದು. ಅಲ್ಲೂ ಕಥೆ ಅದೇ: ಶಿಕ್ಷಕರು ಇನ್ನೊಂದು ಸೆಕೆಂಡ್ ನೋಡೋಣ ಅಂದಿರುತ್ತಾರೆ.

ಶಾಲೆ ನೋಡಲು ಹೋದಾಗ ವಿಮಾನ ಎಷ್ಟಿದೆ, ಹಾಸ್ಟೆಲ್ ಹೇಗಿದೆ ಅಂತ ಎಲ್ಲರೂ ಕೇಳುತ್ತಾರೆ. ನೀವು ಶಿಕ್ಷಕರ ಬಗ್ಗೆ ಕೇಳಿ. ಎಷ್ಟು ವರ್ಷದಿಂದ ಕಲಿಸುತ್ತಿದ್ದಾರೆ, ದಿನಕ್ಕೆ ಎಷ್ಟು ಹಾರಾಟ ಮಾಡುತ್ತಾರೆ, ಕಲಿತು ಮುಗಿಸಿದ ಕೂಡಲೇ ಗಂಟೆ ಸೇರಿಸಿಕೊಳ್ಳಲು ಕಲಿಸಲು ಕೂತವರೇ ಎಲ್ಲರೂ ಆಗಿದ್ದಾರಾ, ಮೇಲೆ ಹಿರಿಯರು ಯಾರಾದರೂ ಇದ್ದಾರಾ. ಆಮೇಲೆ ಸಾಧ್ಯವಾದರೆ ಕಲಿಯುತ್ತಿರುವ ಒಬ್ಬ ಹುಡುಗನನ್ನು ಕ್ಯಾಂಟೀನಿನಲ್ಲಿ ಹಿಡಿದು, ಹಾರುವ ಮೊದಲು ನಿಮ್ಮ ಶಿಕ್ಷಕರು ಎಷ್ಟು ಹೊತ್ತು ಮಾತಾಡುತ್ತಾರೆ ಅಂತ ವಿಚಾರಿಸಿ. ಇವತ್ತು ಏನು ಮಾಡಿಸುತ್ತೇನೆ, ಯಾವ ಎತ್ತರಕ್ಕಿಂತ ಕೆಳಗೆ ಮಾಡಿಸುವುದಿಲ್ಲ, ನಾನು "ಐ ಹ್ಯಾವ್ ಕಂಟ್ರೋಲ್" ಅಂದ ಕೂಡಲೇ ನೀನು ಕೈಕಾಲು ಎರಡನ್ನೂ ತೆಗೆಯಬೇಕು ಅಂತ ಪ್ರತಿ ಸಲವೂ ಹೇಳುತ್ತಾರೆ ಅಂದರೆ ಧೈರ್ಯವಾಗಿ ಸೇರಿಸಿ. "ಅದೆಲ್ಲಾ ಮೊದಲನೇ ದಿನ ಹೇಳಿದ್ರು ಸಾರ್" ಅಂದರೆ ಇನ್ನೊಂದು ಶಾಲೆ ನೋಡಿ.